ನಾಲ್ಕು ಮಕ್ಕಳ ನಡುವೆ ಒಂದು ಫೋನು



ಈ ಸಭೆಯಲ್ಲಿ ಮಾತಾಡಲು ನನಗೆ ಕೊಟ್ಟಿರುವ ವಿಷಯ ಪ್ರಾಥಮಿಕ ತರಗತಿಯಲ್ಲಿ ಮೊಬೈಲ್ ಕಲಿಕಾ ಆ್ಯಪ್‌ಗಳ ಬಳಕೆ. ಈ ಮಾತು ಎತ್ತಿದರೆ ಸಾಕು, ಯಾವ ಸಭೆಯಾದರೂ ಎರಡು ಪಾಲಾಗುತ್ತದೆ. ಮೊಬೈಲ್ ಬಂದು ಹುಡುಗರು ಹಾಳಾದರು ಅನ್ನುವವರು ಒಂದು ಕಡೆ. ಮೊಬೈಲ್ ಕೊಡದಿದ್ದರೆ ನಮ್ಮ ಹುಡುಗರು ಪಟ್ಟಣದವರಿಗಿಂತ ಹಿಂದೆ ಬೀಳುತ್ತಾರೆ ಅನ್ನುವವರು ಇನ್ನೊಂದು ಕಡೆ. ಇಬ್ಬರ ಮನೆಯಲ್ಲೂ ಫೋನು ಇದೆ. ಅಸರ್ ಸಮೀಕ್ಷೆಯ ಪ್ರಕಾರ 2018ರಲ್ಲಿ ಗ್ರಾಮೀಣ ಭಾರತದ ಶಾಲಾಮಕ್ಕಳ ಮನೆಗಳಲ್ಲಿ ನೂರಕ್ಕೆ ಸುಮಾರು 36ರಲ್ಲಿ ಸ್ಮಾರ್ಟ್‌ಫೋನ್ ಇತ್ತು. 2022ರ ಹೊತ್ತಿಗೆ ಅದು 75ರ ಹತ್ತಿರ ಬಂತು. ಅದೇ ಸಮೀಕ್ಷೆ 2024ರಲ್ಲಿ, ಫೋನು ಬಳಸಲು ಬರುವ 14ರಿಂದ 16 ವಯಸ್ಸಿನ ಮಕ್ಕಳನ್ನು ಹಿಂದಿನ ವಾರ ಅದರಲ್ಲಿ ಏನು ಮಾಡಿದಿರಿ ಎಂದು ಕೇಳಿತು. ನೂರಕ್ಕೆ ಸುಮಾರು 57 ಮಂದಿ ಓದಿಗೆ ಬಳಸಿದ್ದೇವೆ ಎಂದರು, ಸುಮಾರು 76 ಮಂದಿ ಸಾಮಾಜಿಕ ಜಾಲತಾಣಗಳಿಗೆ. ಬೇಕೋ ಬೇಡವೋ ಎಂಬ ಚರ್ಚೆಯನ್ನು ಕಾಲವೇ ಮುಗಿಸಿದೆ. ಉಳಿದಿರುವ ಪ್ರಶ್ನೆ, ಒಂದನೆಯ ಇಯತ್ತೆಯಿಂದ ಐದನೆಯ ಇಯತ್ತೆಯವರೆಗಿನ ಮಗುವಿನ ಮುಂದೆ ಅದನ್ನು ಎಲ್ಲಿ ಇಡಬೇಕು, ಯಾರ ಕಣ್ಣೆದುರು ಇಡಬೇಕು, ಅದು ಯಾವ ಭಾಷೆಯಲ್ಲಿ ಮಾತಾಡಬೇಕು ಎಂಬುದು.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಫೋನು ಒಂದು ಮಗುವಿನ ಅಂಗೈಯಲ್ಲಿ ಇರಬಾರದು. ನಾಲ್ಕು ಮಕ್ಕಳ ನಡುವೆ, ನೆಲದ ಮೇಲೆ, ಗುರುಗಳಿಗೆ ಕಾಣುವಂತೆ ಇರಬೇಕು. ಹೀಗೆ ಯಾಕೆ ಹೇಳುತ್ತೇನೆ ಎಂಬುದಕ್ಕೆ ಕಾರಣಗಳು ನಮ್ಮ ಕರ್ನಾಟಕದ ಸಾಲಿಗಳಲ್ಲೇ ಇವೆ.

ಯಂತ್ರ ತರಗತಿಗೆ ಬಂದಿರುವುದು ಇದೇ ಮೊದಲಲ್ಲ. ಆಕಾಶವಾಣಿಯ ‘ಕೇಳಿ ಕಲಿ’ ಪಾಠಗಳನ್ನು ಇಲ್ಲಿರುವ ಎಷ್ಟೋ ಗುರುಗಳು ಮಕ್ಕಳನ್ನು ರೇಡಿಯೊ ಸುತ್ತ ಕೂಡಿಸಿ ಕೇಳಿಸಿದ್ದೀರಿ. 2004ರ ಸೆಪ್ಟೆಂಬರ್‌ನಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿತು. ಅದರ ಪಾಠಗಳಿಗಾಗಿ ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳ ಮೇಲೆ ಡಿಶ್ ಕೂತಿತು. ಅದಕ್ಕೂ ಮೊದಲೇ, 2001ರ ಸುಮಾರಿಗೆ, ಅಜೀಂ ಪ್ರೇಮ್‌ಜಿ ಫೌಂಡೇಶನ್ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ನೆರವಿನ ಕಲಿಕಾ ಕೇಂದ್ರಗಳನ್ನು ತೆರೆಸಿತು. ಹಲವು ಭಾಷೆಗಳಲ್ಲಿ ನೂರಕ್ಕೂ ಹೆಚ್ಚು ಸಿಡಿಗಳನ್ನು ಮಾಡಿಸಿತು. ಮಕ್ಕಳು ಓಡಿ ಬಂದು ಕಂಪ್ಯೂಟರ್ ಮುಂದೆ ಕೂತರು. ಆದರೆ ಕೆಲವು ವರ್ಷಗಳ ನಂತರ ಆ ಸಂಸ್ಥೆಯೇ ತನ್ನ ಕೆಲಸವನ್ನು ತೂಗಿ ನೋಡಿ, ಕಲಿಕೆಯಲ್ಲಿ ಬಯಸಿದ ಬದಲಾವಣೆ ಆಗಲಿಲ್ಲ ಎಂದು ಕಂಡುಕೊಂಡಿತು. ಅದರ ಮುಂದಾಳು ಅನುರಾಗ್ ಬೆಹಾರ್ 2010ರಲ್ಲಿ ‘ಮಿಂಟ್’ ಪತ್ರಿಕೆಯ ಅಂಕಣದಲ್ಲಿ ಶಿಕ್ಷಣದಲ್ಲಿ ತಂತ್ರಜ್ಞಾನದ ಮಿತಿಗಳ ಬಗ್ಗೆ ಬರೆದರು. ಫೌಂಡೇಶನ್ ಶಿಕ್ಷಕರ ಬೆಳವಣಿಗೆಯ ಕಡೆಗೆ ಹೊರಳಿತು. ಹೋದಲ್ಲೆಲ್ಲ ನಾನು ಈ ಕಥೆ ಹೇಳುತ್ತೇನೆ. ಹಣವಿದ್ದವರು, ಕಂಪ್ಯೂಟರ್ ಲೋಕವನ್ನು ಹತ್ತಿರದಿಂದ ಬಲ್ಲವರು, ಪ್ರಾಮಾಣಿಕವಾಗಿ ಮಾಡಿ ನೋಡಿ ಹೇಳಿದ ಮಾತು ಅದು. ಹೊಸ ಆ್ಯಪ್ ಮಾರಲು ಸಾಲಿಗೆ ಬರುವವರ ಮುಂದೆ ಅದನ್ನು ನೆನಪಿಸಿಕೊಳ್ಳುವ ಹಕ್ಕು ನಮಗಿದೆ.

ಹೊರಗಿನ ಅನುಭವವೂ ಇದಕ್ಕೆ ದೂರವಿಲ್ಲ. ಪೆರು ದೇಶ ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಯೋಜನೆಗೆ ದೊಡ್ಡ ಹಣ ಹಾಕಿತು. 319 ಹಳ್ಳಿ ಶಾಲೆಗಳಲ್ಲಿ ನಡೆದ ಅಧ್ಯಯನ 2012ರಲ್ಲಿ ಹೊರಬಂತು. ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಅಂಕ ಏರಿರಲಿಲ್ಲ.

ಹಾಗಾದರೆ ಎಲ್ಲೂ ಫಲ ಸಿಕ್ಕಿಲ್ಲವೇ? ಸಿಕ್ಕಿದೆ. ದೆಹಲಿಯಲ್ಲಿ ‘ಮೈಂಡ್‌ಸ್ಪಾರ್ಕ್’ ಎಂಬ ತಂತ್ರಾಂಶ ಬಳಸಿದ ಕೇಂದ್ರಗಳನ್ನು ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್, ಅಲೆಹಾಂಡ್ರೊ ಗಾನಿಮಿಯಾನ್ ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದರು. 619 ಮಕ್ಕಳು, ನಾಲ್ಕೂವರೆ ತಿಂಗಳು. ಗಣಿತ, ಹಿಂದಿ ಎರಡರಲ್ಲೂ ಮಕ್ಕಳು ಚೆನ್ನಾಗಿಯೇ ಮುಂದೆ ಬಂದರು. ಈ ಫಲಿತಾಂಶವನ್ನು ಜಾಹೀರಾತಿನವರು ಬಹಳ ಹೇಳುತ್ತಾರೆ, ಒಂದು ವಿವರವನ್ನು ಮಾತ್ರ ಬಿಟ್ಟು. ಆ ಕೇಂದ್ರಗಳಲ್ಲಿ ದಿನಕ್ಕೆ ಒಂದೂವರೆ ತಾಸು ಪಾಠ. ಅದರಲ್ಲಿ ಅರ್ಧ ಹೊತ್ತು ಮಾತ್ರ ಕಂಪ್ಯೂಟರ್. ಉಳಿದ ಅರ್ಧ ಹೊತ್ತು ಸಣ್ಣ ಗುಂಪಿನ ಜೊತೆ ಒಬ್ಬ ಸಹಾಯಕ ಶಿಕ್ಷಕ ಕೂತು ಕಲಿಸುತ್ತಿದ್ದ. ಜೊತೆಗೆ ಆ ತಂತ್ರಾಂಶ ಏಳನೆಯ ತರಗತಿಯ ಮಗುವಿಗೆ ಏಳನೆಯ ತರಗತಿಯ ಲೆಕ್ಕವನ್ನೇ ಒತ್ತಾಯ ಮಾಡಿ ಕೊಡುತ್ತಿರಲಿಲ್ಲ. ಆ ಮಗು ನಿಜವಾಗಿ ನಿಂತಿದ್ದ ಮೆಟ್ಟಿಲು ಯಾವುದೋ ಅಲ್ಲಿಂದ ಎತ್ತಿಕೊಳ್ಳುತ್ತಿತ್ತು.

ಮಗು ನಿಂತ ಮೆಟ್ಟಿಲಿನಿಂದ ಶುರು ಮಾಡುವುದು. ಇದು ದೆಹಲಿಯಿಂದ ಬರಬೇಕಾದ ವಿದ್ಯೆಯಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲೆಯ ಗುರುಗಳು ಆಂಧ್ರದ ಋಷಿವ್ಯಾಲಿಯ ಕೆಲಸ ನೋಡಿ ಬಂದು, ಯುನಿಸೆಫ್ ನೆರವಿನಿಂದ ನಲಿ-ಕಲಿ ಕಟ್ಟಿದರು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಹಬ್ಬಿತು. ನಿಮ್ಮ ಮೊಮ್ಮಕ್ಕಳ ತರಗತಿಯಲ್ಲಿ ತಲೆಯ ಮೇಲೆ ಬಣ್ಣಬಣ್ಣದ ಕಲಿಕಾ ಚಪ್ಪರ ತೂಗುತ್ತಿರುತ್ತದಲ್ಲ, ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದಲ್ಲ, ಅದೇ ಇದು. ಮಗು ಬಂದು ಏಣಿಯಲ್ಲಿ ತನ್ನ ಮೆಟ್ಟಿಲು ನೋಡುತ್ತದೆ, ಅದರ ಗುರುತಿನ ಕಾರ್ಡು ತೆಗೆದುಕೊಳ್ಳುತ್ತದೆ, ಆ ಗುರುತು ಹೇಳುವ ತಟ್ಟೆಗೆ ಹೋಗಿ ಕೂರುತ್ತದೆ. ಗುರುಗಳು ನೇರವಾಗಿ ಕಲಿಸುವ ತಟ್ಟೆ ಬೇರೆ, ಗೆಳೆಯರು ಹೇಳಿಕೊಡುವ ತಟ್ಟೆ ಬೇರೆ, ತಾನೇ ಕಲಿಯುವ ತಟ್ಟೆ ಬೇರೆ. ಹದಿನೈದು ದಿನ ಸಾಲಿ ತಪ್ಪಿಸಿ ಬಂದ ಮಗುವಿಗೂ ಬಿಟ್ಟ ಮೆಟ್ಟಿಲು ಅಲ್ಲೇ ಕಾಯುತ್ತಿರುತ್ತದೆ.

ಈಗ ಆ್ಯಪ್ ತೆರೆದು ನೋಡಿ. ಹಂತ ಒಂದು, ಹಂತ ಎರಡು, ಗೆದ್ದರೆ ಮುಂದಕ್ಕೆ, ಸೋತರೆ ಮತ್ತೆ ಅದೇ. ಅಮೆರಿಕದಲ್ಲೋ ಬೆಂಗಳೂರಿನಲ್ಲೋ ಕೂತವರು ಹೊಸದು ಎಂದು ಹೇಳುವ ಈ ಏರ್ಪಾಟನ್ನು ನಮ್ಮ ಗುರುಗಳು ರಟ್ಟಿನ ಕಾರ್ಡಿನಲ್ಲಿ ಮೂವತ್ತು ವರ್ಷಗಳ ಹಿಂದೆಯೇ ಮಾಡಿದ್ದಾರೆ. ಅದಕ್ಕೇ ನನ್ನ ಮೊದಲ ಸಲಹೆ ಇದು. ಆ್ಯಪ್‌ಗಾಗಿ ಹೊಸ ವೇಳಾಪಟ್ಟಿ ಬೇಡ, ಪ್ರತ್ಯೇಕ ಮೊಬೈಲ್ ತಾಸು ಬೇಡ. ನಲಿ-ಕಲಿಯ ತಟ್ಟೆಗಳಲ್ಲಿ ಒಂದರ ಮಧ್ಯೆ, ಕಾರ್ಡುಗಳ ಪಕ್ಕದಲ್ಲಿ, ಫೋನೂ ಒಂದು ಕಾರ್ಡಿನ ಹಾಗೆ ಇರಲಿ. ಅದರ ಸರದಿ ಬಂದಾಗ ತೆಗೆಯಲಿ, ಮುಗಿದಾಗ ಇಡಲಿ.

ಗಣಿತಕ್ಕೆ ಒಳ್ಳೆಯ ಉದಾಹರಣೆ ಇದೆ. ಬೆಂಗಳೂರಿನ ಅಕ್ಷರ ಫೌಂಡೇಶನ್ ಸರ್ಕಾರದ ಜೊತೆ ಸೇರಿ ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಗಣಿತ ಕಲಿಕಾ ಆಂದೋಲನ ನಡೆಸಿತು. ಆ ಪೆಟ್ಟಿಗೆಯನ್ನು ನೀವು ನೋಡಿರುತ್ತೀರಿ. ಮಣಿಕಟ್ಟು, ಹತ್ತರ ಪಟ್ಟಿ, ಭಿನ್ನರಾಶಿಯ ತುಂಡುಗಳು, ಆಟದ ನೋಟುಗಳು, ಗಡಿಯಾರ, ತಕ್ಕಡಿ. ಅದೇ ಸಂಸ್ಥೆ ‘ಬಿಲ್ಡಿಂಗ್ ಬ್ಲಾಕ್ಸ್’ ಎಂಬ ಆ್ಯಪ್ ಮಾಡಿದೆ. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿದೆ, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ, ಸಾಧಾರಣ ಫೋನಿನಲ್ಲೂ ತೆರೆಯುತ್ತದೆ. ಅದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅದರ ಬೆನ್ನಿಗೆ ಪೆಟ್ಟಿಗೆ ಇದೆ ಎಂಬುದು. 52ರಲ್ಲಿ 27 ಕಳೆಯುವಾಗ ಹತ್ತನ್ನು ಬಿಡಿಸಿ ಒಂದುಗಳಾಗಿ ಮಾಡುವುದನ್ನು ಮಗು ಮೊದಲು ಕೈಯಿಂದ ಮಾಡಬೇಕು. ಹತ್ತರ ಕಟ್ಟನ್ನು ಬಿಚ್ಚಿದ ಬೆರಳಿಗೆ ಗೊತ್ತಾಗುವುದು ಗಾಜಿನ ಮೇಲೆ ಜಾರಿದ ಬೆರಳಿಗೆ ಗೊತ್ತಾಗುವುದಿಲ್ಲ. ಕೈಯಲ್ಲಿ ಆದ ಮೇಲೆ ಚಿತ್ರದಲ್ಲಿ, ಚಿತ್ರದಲ್ಲಿ ಆದ ಮೇಲೆ ಅಂಕಿಯಲ್ಲಿ. ಆ್ಯಪ್‌ನ ಜಾಗ ಮೊದಲನೆಯದಲ್ಲ. ಕಲಿತದ್ದನ್ನು ಮತ್ತೆ ಮತ್ತೆ ಆಡಿ ಗಟ್ಟಿ ಮಾಡಿಕೊಳ್ಳುವಾಗ ಅದಕ್ಕೆ ಸಾಟಿಯಿಲ್ಲ, ಏಕೆಂದರೆ ಅದಕ್ಕೆ ಬೇಸರವಿಲ್ಲ, ಸಿಟ್ಟಿಲ್ಲ.

ಈಗ ನಾಲ್ಕು ಮಕ್ಕಳ ಮಾತಿಗೆ ಬರುತ್ತೇನೆ. ಒಬ್ಬ ಹುಡುಗನ ಕೈಗೆ ಗಣಿತದ ಆಟ ಕೊಟ್ಟು ಹಿಂದೆ ನಿಂತು ನೋಡಿ. ನಾಲ್ಕು ಉತ್ತರಗಳಿದ್ದರೆ ಮೊದಲನೆಯದನ್ನು ಒತ್ತುತ್ತಾನೆ, ಕೆಂಪು ಬಂತು. ಎರಡನೆಯದು, ಕೆಂಪು. ಮೂರನೆಯದು, ಹಸಿರು, ನಕ್ಷತ್ರ, ಚಪ್ಪಾಳೆ. ಆ್ಯಪ್ ಅವನಿಗೆ ಶಾಬಾಸ್ ಎನ್ನುತ್ತದೆ. ಅವನು ಲೆಕ್ಕ ಮಾಡಲೇ ಇಲ್ಲ. ಈ ಅಭ್ಯಾಸ ಬೇಗ ಹತ್ತುತ್ತದೆ, ಬಿಡಿಸುವುದು ಕಷ್ಟ. ಅದೇ ಫೋನನ್ನು ನಾಲ್ವರ ನಡುವೆ ಇಟ್ಟು ಒಂದು ಕಟ್ಟಳೆ ಮಾಡಿ. ಒಬ್ಬಳು ಪ್ರಶ್ನೆಯನ್ನು ಗಟ್ಟಿಯಾಗಿ ಓದಬೇಕು. ಎಲ್ಲರೂ ತಮ್ಮ ತಮ್ಮ ಪಾಟಿಯ ಮೇಲೆ ಉತ್ತರ ಬರೆಯಬೇಕು. ಪಾಟಿಗಳನ್ನು ತಿರುಗಿಸಿ ತೋರಿಸಬೇಕು. ಉತ್ತರ ಬೇರೆ ಬೇರೆ ಬಂದರೆ ವಾದ ಮಾಡಿ ಒಪ್ಪಬೇಕು. ಆಮೇಲೆ ಒಬ್ಬರು ಒತ್ತಬೇಕು, ಮುಂದಿನ ಪ್ರಶ್ನೆಗೆ ಒತ್ತುವ ಕೈ ಬದಲಾಗಬೇಕು. ಆಗ ‘ಅದ್ಹೆಂಗ ಬಂತು?’ ಎಂಬ ಮಾತು ಗುರುಗಳ ಬಾಯಿಗೆ ಬರುವ ಮೊದಲೇ ಪಕ್ಕದ ಹುಡುಗಿಯ ಬಾಯಿಂದ ಬಂದಿರುತ್ತದೆ. ಇಂಥ ಆಟದ ಆ್ಯಪ್ ಕೇಳದ ಪ್ರಶ್ನೆ ಅದು. ಉತ್ತರ ಸರಿಯೋ ತಪ್ಪೋ ಎಂದಷ್ಟೇ ಆ್ಯಪ್ ಹೇಳುತ್ತದೆ. 52ರಲ್ಲಿ 27 ಕಳೆದು 35 ಎಂದ ಮಗು ದೊಡ್ಡ ಅಂಕಿಯಿಂದ ಸಣ್ಣ ಅಂಕಿ ಕಳೆದುಬಿಟ್ಟಿದೆ, ಏಳರಲ್ಲಿ ಎರಡು ಹೋದರೆ ಐದು ಎಂದುಕೊಂಡಿದೆ ಎಂಬುದು ಅದರ ಪಾಟಿ ನೋಡಿದ ಗುರುವಿಗೆ ಕಣ್ಣಿಗೆ ರಾಚುತ್ತದೆ.

ಕೈ ಬದಲಾಗಬೇಕು ಎಂದು ಒತ್ತಿ ಹೇಳಿದ್ದಕ್ಕೆ ಇನ್ನೊಂದು ಕಾರಣವಿದೆ. ಮನೆಯಲ್ಲಿ ಫೋನು ಮೊದಲು ಸಿಗುವುದು ಗಂಡುಹುಡುಗನಿಗೆ. ತಂಗಿ ಹೆಗಲ ಮೇಲಿಂದ ಇಣುಕುತ್ತಾಳೆ. ಸಾಲಿಯಲ್ಲೂ ಅದೇ ನಡೆಯಲು ಬಿಡಬಾರದು.

ಇನ್ನು ಕನ್ನಡದ ಮಾತು. ಇದರ ಮೇಲೆ ತುಸು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇದು ನನ್ನನ್ನು ಬಹಳ ಕಾಡುವ ಸಂಗತಿ. ಫೋನಿನೊಳಗಿನ ಆ್ಯಪ್ ಅಂಗಡಿಯಲ್ಲಿ ಕನ್ನಡ ಅಕ್ಷರ ಕಲಿಸುವ ಆ್ಯಪ್‌ಗಳು ರಾಶಿ ರಾಶಿ ಇವೆ. ಬಹುಪಾಲು ಅ, ಆ, ಇ, ಈ ಎಂದು ಸಾಲಾಗಿ ತೆರೆಯುತ್ತವೆ. ನಮ್ಮ ನಲಿ-ಕಲಿ ತರಗತಿ ತೆರೆಯುವುದು ರ, ಗ, ಸ, ದ, ಅ ಎಂದು. ಆಮೇಲೆ ಜ, ವ, ಮ, ಬ, ನ. ಬರೆಯಲು ಸುಲಭವಾದ, ಒಂದಕ್ಕೊಂದು ಆಕಾರ ಹೋಲುವ ಅಕ್ಷರಗಳು ಮೊದಲು ಬಂದರೆ ಐದು ಅಕ್ಷರ ಕಲಿತ ವಾರದಲ್ಲೇ ಮಗು ಅರಸ, ಸರ, ಗರಗಸ ಎಂದು ಪೂರ್ತಿ ಪದ ಓದುತ್ತದೆ. ಐವತ್ತರ ಹತ್ತಿರದ ಅಕ್ಷರ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಸಾಲಿಯಲ್ಲಿ ‘ಗರಗಸ’ ಓದಿದ ಮಗುವಿಗೆ ಮನೆಯ ಫೋನು ‘ಋ’ ತಿದ್ದು ಎಂದರೆ ಅದು ಎಡವುತ್ತದೆ. ತಾಯಂದಿರೆ, ಆ್ಯಪ್ ಇಳಿಸುವ ಮೊದಲು ಅಕ್ಕೋರನ್ನು ಒಂದು ಮಾತು ಕೇಳಿ. ಈ ಆ್ಯಪ್ ಸಾಲಿಯ ಏಣಿಗೆ ಹೊಂದುತ್ತದೆಯೇ ಎಂದು.

ಗೂಗಲ್‌ನವರ ‘ರೀಡ್ ಅಲಾಂಗ್’ ಮಗು ಗಟ್ಟಿಯಾಗಿ ಓದಿದ್ದನ್ನು ಕೇಳಿ ತಪ್ಪು ತಿದ್ದುವ ಆ್ಯಪ್. 2019ರಲ್ಲಿ ‘ಬೋಲೊ’ ಎಂಬ ಹೆಸರಿನಲ್ಲಿ ಭಾರತದಲ್ಲೇ ಹುಟ್ಟಿತು. 2020ರಲ್ಲಿ ಲೋಕಕ್ಕೆಲ್ಲ ತೆರೆದಾಗ ಒಂಬತ್ತು ಭಾಷೆಗಳಿದ್ದವು. ತಮಿಳು, ತೆಲುಗು, ಮರಾಠಿ, ಬಾಂಗ್ಲಾ, ಉರ್ದು ಎಲ್ಲ ಇದ್ದವು, ಕನ್ನಡ ಇರಲಿಲ್ಲ. ಅದೇ ವರ್ಷ ನಮ್ಮ ಸಾಲಿಗಳ ಬಾಗಿಲು ಮುಚ್ಚಿತ್ತು, ಮಗುವಿನ ಓದು ಕೇಳುವ ಕಿವಿ ಬೇಕಾಗಿದ್ದ ಹೊತ್ತು. ಈ ನೆಲದವರಿಗೆ ಇಂಥ ಅನುಭವ ಹೊಸದಲ್ಲ. ರಾಣೇಬೆನ್ನೂರು, ಹಾವೇರಿ, ಬ್ಯಾಡಗಿಗಳು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದ ಕಾಲದಲ್ಲಿ ಕಚೇರಿಯಲ್ಲೂ ಸಾಲಿಯಲ್ಲೂ ಮರಾಠಿಯದೇ ಮೇಲುಗೈ. ಕನ್ನಡದ ಮಕ್ಕಳಿಗೆ ಕನ್ನಡದಲ್ಲೇ ಸಾಲಿ ಬೇಕು, ಪುಸ್ತಕ ಬೇಕು, ಕನ್ನಡ ಬಲ್ಲ ಮಾಸ್ತರರು ಬೇಕು ಎಂದು 19ನೇ ಶತಮಾನದಲ್ಲಿ ದುಡಿದವರು ಡೆಪ್ಯುಟಿ ಚನ್ನಬಸಪ್ಪನವರು. 1881ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ ತೀರಿಕೊಂಡರು. ಅವರು ಪಠ್ಯಪುಸ್ತಕಕ್ಕೆ ಮಾಡಿದ ಕೆಲಸವನ್ನು ನಾವು ಆ್ಯಪ್‌ಗಳಿಗೆ ಮಾಡಬೇಕಾಗಿದೆ. ಕನ್ನಡ ಅಂದಾಗ ಬೆಂಗಳೂರಿನ ವಾರ್ತೆಯ ಕನ್ನಡ ಮಾತ್ರ ಸಾಲದು. ಇಲ್ಲಿನ ಮೇಡ್ಲೇರಿಯ ಮಗು ‘ಐತಿ’ ಎಂದರೆ, ‘ಹೋಗೂಣು’ ಎಂದರೆ ಯಂತ್ರ ಅದನ್ನು ತಪ್ಪು ಎಂದು ಕೆಂಪು ತೋರಿಸಬಾರದು. ಮಗು ಮನೆಯಿಂದ ತಂದ ಮಾತು ತಪ್ಪು ಎಂದು ಆರನೆಯ ವಯಸ್ಸಿನಲ್ಲಿ ಕೇಳಿಸಿಕೊಂಡರೆ ಆಮೇಲೆ ಬಾಯಿ ತೆರೆಯುವುದಿಲ್ಲ.

ಇದಕ್ಕೆ ದಾರಿ ಇದೆ. ಪ್ರಥಮ್ ಬುಕ್ಸ್‌ನವರು 2015ರ ಸೆಪ್ಟೆಂಬರ್ 8ರಂದು, ಸಾಕ್ಷರತಾ ದಿನ, ‘ಸ್ಟೋರಿವೀವರ್’ ಎಂಬ ಕಥೆಗಳ ಜಾಲತಾಣ ತೆರೆದರು. ನಾಲ್ಕು ಹಂತಗಳಲ್ಲಿ ಚಿತ್ರಕಥೆಗಳಿವೆ, ಕನ್ನಡದಲ್ಲೂ ಬೇಕಾದಷ್ಟಿವೆ. ಇಳಿಸಿಕೊಳ್ಳಬಹುದು, ಅಚ್ಚು ಹಾಕಬಹುದು, ಯಾರ ಅಪ್ಪಣೆಗೂ ಕಾಯದೆ ಬೇರೆ ಮಾತಿಗೆ ತಿರುಗಿಸಿ ಅಲ್ಲೇ ಪ್ರಕಟಿಸಲೂಬಹುದು. ಮೂಲ ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿದರೆ ಆಯಿತು. ಇಲ್ಲಿನ ಐದನೆಯ ತರಗತಿಯ ಮಕ್ಕಳು ಒಂದು ಕಥೆ ಆರಿಸಿಕೊಂಡು ತಮ್ಮ ಊರ ಮಾತಿನಲ್ಲಿ ಮತ್ತೆ ಬರೆಯಲಿ, ಒಂದನೆಯ ತರಗತಿಯವರಿಗೆ ಓದಿ ಹೇಳಲಿ. ಕುರಿ, ಕಂಬಳಿ, ತುಂಗಭದ್ರೆ, ಗೋವಿನಜೋಳದ ರಾಶಿ, ಕೃಷ್ಣಮೃಗಗಳ ಹಿಂಡು, ಇವೆಲ್ಲ ಕಣ್ಣೆದುರೇ ಇರುವ ಮಕ್ಕಳಿಗೆ ಕಥೆಗೆ ಬರವಿಲ್ಲ.

ಇನ್ನು ಮನೆಯ ಫೋನಿನ ಮಾತು. 2020ರ ಮಾರ್ಚ್‌ನಲ್ಲಿ ಸಾಲಿ ಮುಚ್ಚಿದ ಮೇಲೆ ಆಗಸ್ಟ್‌ನಲ್ಲಿ ಸರ್ಕಾರದ ವಿದ್ಯಾಗಮ ಯೋಜನೆ ಬಂತು. ಸ್ಮಾರ್ಟ್‌ಫೋನ್ ಇರುವ ಮಕ್ಕಳು, ಬರೀ ಮಾತಾಡುವ ಫೋನು ಇರುವವರು, ಯಾವುದೂ ಇಲ್ಲದವರು ಎಂದು ಮೂರು ಗುಂಪು ಮಾಡಿದರು. ಗುರುಗಳು ಗುಡಿಯ ಕಟ್ಟೆ, ಮರದ ನೆರಳು ಹುಡುಕಿ ಕಲಿಸಿದರು. ಕೋವಿಡ್ ಸೋಂಕಿನ ಕಾರಣಕ್ಕೆ ಅಕ್ಟೋಬರ್‌ನಲ್ಲಿ ಅದು ನಿಂತಿತು. ಆ ಮೂರು ಗುಂಪುಗಳಲ್ಲಿ ಗುರುಗಳನ್ನು ಹೆಚ್ಚು ಕಾಯುತ್ತಿದ್ದವರು ಮೂರನೆಯವರು. ಫೋನಿರುವ ಮನೆ ಎಂದು ಲೆಕ್ಕ ಹಾಕಿದ ಮನೆಗಳಲ್ಲೂ ಹಗಲು ಫೋನು ಇರಲಿಲ್ಲ. ಅದು ಅಪ್ಪನ ಕಿಸೆಯಲ್ಲಿ ಹೊಲಕ್ಕೋ ರಾಣೇಬೆನ್ನೂರಿಗೋ ಹೋಗಿರುತ್ತಿತ್ತು. ಕುರಿಗಾರರ ಮನೆಯಾದರೆ ಹಿಂಡಿನ ಜೊತೆ ಹೊರಟರೆ ಎಷ್ಟು ದಿನವೋ. ಆದ್ದರಿಂದ ಮನೆಪಾಠವನ್ನು ಆ್ಯಪ್‌ನಲ್ಲಿ ಕೊಟ್ಟು ಎಲ್ಲರೂ ಮಾಡಿ ಬರಲಿ ಎಂದರೆ ಅದು ತರಗತಿಯ ಅತಿ ಬಡ ಮಗುವನ್ನು ನಿಲ್ಲಿಸಿ ನಾಚಿಸಿದ ಹಾಗೆ. ಆ್ಯಪ್‌ನ ಕೆಲಸ ಸಾಲಿಯಲ್ಲಿ, ಸಾಲಿಯ ಫೋನಿನಲ್ಲಿ ಮುಗಿಯಬೇಕು.

ಪಠ್ಯಪುಸ್ತಕದ ಪುಟಗಳಲ್ಲಿರುವ ಕ್ಯೂಆರ್ ಕೋಡ್ ಚೌಕಗಳನ್ನು ನೋಡಿದ್ದೀರಿ. 2017ರ ಸೆಪ್ಟೆಂಬರ್ 5ರಂದು ಆರಂಭವಾದ ದೀಕ್ಷಾ ವೇದಿಕೆಗೆ ಅವು ಬಾಗಿಲು. ಅಲ್ಲಿರುವುದೆಲ್ಲ ಒಳ್ಳೆಯದಲ್ಲ. ಪಠ್ಯವನ್ನೇ ಮತ್ತೊಮ್ಮೆ ಓದುವ ವಿಡಿಯೊಗಳೂ ಇವೆ, ಎಲೆಯ ಮೇಲೆ ಚಿಟ್ಟೆಯ ಹುಳ ಕೋಶ ಕಟ್ಟುವಂಥ, ಮಾತಿನಲ್ಲಿ ಹೇಳಲಾಗದ ನೋಟಗಳನ್ನು ತೋರಿಸುವ ವಿಡಿಯೊಗಳೂ ಇವೆ. ಎರಡನೆಯ ಬಗೆಯದನ್ನು ಮಾತ್ರ ಆರಿಸಿ, ಸಿಗ್ನಲ್ ಸಿಗುವ ಕಡೆ ಮೊದಲೇ ಇಳಿಸಿಟ್ಟುಕೊಂಡು, ಒಂದು ಪುಟ್ಟ ಸ್ಪೀಕರ್ ಜೋಡಿಸಿ ತೋರಿಸಿದರೆ ಸಾಕು. ನಡುವೆ ನಿಲ್ಲಿಸಿ ‘ಮುಂದೇನಾಗತೈತಿ?’ ಎಂದು ಕೇಳಿದರೆ ಇನ್ನೂ ಒಳ್ಳೆಯದು.

ಗುರುಗಳ ಪರವಾಗಿಯೂ ಒಂದು ಮಾತು ಆಡಬೇಕು. ಈ ಹೊತ್ತಿಗೆ ಅವರ ಫೋನಿನಲ್ಲಿ ಕಲಿಸುವ ಆ್ಯಪ್‌ಗಳಿಗಿಂತ ವರದಿ ತುಂಬುವ ಕೆಲಸಗಳೇ ಹೆಚ್ಚು. ಹಾಜರಿ, ಬಿಸಿಯೂಟದ ಲೆಕ್ಕ, ಮಕ್ಕಳ ವಿವರ, ತರಬೇತಿಯ ಪ್ರಮಾಣಪತ್ರ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದರವರೆಗೆ 60 ಮಕ್ಕಳವರೆಗಿನ ಶಾಲೆಗೆ ಇಬ್ಬರೇ ಶಿಕ್ಷಕರು. ಅಂಥ ಸಾಲಿಯಲ್ಲಿ ಒಬ್ಬರು ತಲೆ ತಗ್ಗಿಸಿ ಮಾಹಿತಿ ತುಂಬುತ್ತಿದ್ದರೆ ಅರ್ಧ ಸಾಲಿಗೆ ಗುರುವಿಲ್ಲ. ಗುರುವಿನ ಸ್ವಂತ ಫೋನು, ಸ್ವಂತ ನೆಟ್ ಹಣ ಇಂಥ ಕೆಲಸಕ್ಕೆ ಹೋಗುತ್ತಿರುವಾಗ ಮಕ್ಕಳ ಮುಂದೆಯೂ ಅದನ್ನೇ ಇಡಿ ಎಂದು ಕೇಳುವುದು ನ್ಯಾಯವಲ್ಲ. ಅವರ ಮನೆಯ ಫೋಟೊ, ಸಂದೇಶಗಳಿರುವ ಫೋನು ಮಕ್ಕಳ ಕೈಗೆ ಹೋಗುವುದೂ ಸರಿಯಲ್ಲ.

ಮಕ್ಕಳ ಮಾಹಿತಿಯ ಬಗ್ಗೆಯೂ ಎಚ್ಚರ ಬೇಕು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2022ರಲ್ಲಿ 49 ದೇಶಗಳ ಸರ್ಕಾರಗಳು ಶಿಫಾರಸು ಮಾಡಿದ 160ಕ್ಕೂ ಹೆಚ್ಚು ಕಲಿಕಾ ತಾಣ, ಆ್ಯಪ್‌ಗಳನ್ನು ಪರೀಕ್ಷಿಸಿತು. ಅವುಗಳಲ್ಲಿ ನೂರಕ್ಕೆ 89ರಷ್ಟು, ಮಕ್ಕಳ ಹಕ್ಕಿಗೆ ಧಕ್ಕೆ ತರಬಹುದಾದ ರೀತಿಯಲ್ಲಿ ಮಾಹಿತಿ ನಿರ್ವಹಿಸುತ್ತಿವೆ ಎಂದಿತು. ಅದು ಪರೀಕ್ಷಿಸಿದವುಗಳಲ್ಲಿ ದೀಕ್ಷಾ ಕೂಡ ಇತ್ತು. ನಮ್ಮ ದೇಶದ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ. ಸಾಲಿಯಲ್ಲಿ ಮಾಡಬಹುದಾದದ್ದು ಸರಳ. ಮಗುವಿನ ಹೆಸರು, ಫೋಟೊ, ಹುಟ್ಟಿದ ದಿನ ಕೇಳುವ ಆ್ಯಪ್ ಬೇಡ. ಇರುವ ಸ್ಥಳ ಕೇಳಿದರೆ ಕೊಡಬೇಡಿ. ‘ಗುಂಪು ಒಂದು’, ‘ಗುಂಪು ಎರಡು’ ಎಂದು ಹೆಸರು ತುಂಬಿದರೆ ಆಟ ನಡೆಯುತ್ತದೆ. ನೆಟ್ ತೆಗೆದಿಟ್ಟರೆ ಜಾಹೀರಾತೂ ಬಾರದು.

ಇನ್ನು ಉಳಿದದ್ದು ನಿಮ್ಮ ಕೈಯಲ್ಲಿರುವ ಕೆಲಸ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು ಇಲ್ಲಿ ಕೂತಿದ್ದೀರಿ. ಊರಿನಿಂದ ನಲಿ-ಕಲಿ ತರಗತಿಗೆ ಎರಡು ಟ್ಯಾಬ್ ಕೊಡಿಸುವುದು ದೊಡ್ಡ ಮಾತಲ್ಲ. ಎರಡೇ ಸಾಕು, ಎಂಟು ಮಕ್ಕಳು ಆಡುತ್ತಾರೆ, ಉಳಿದವರು ಕಾರ್ಡಿನಲ್ಲಿ ಇರುತ್ತಾರೆ, ಸರದಿ ಬದಲಾಗುತ್ತದೆ. ಒಮ್ಮೆಗೆ ಇಪ್ಪತ್ತು ನಿಮಿಷ ಮೀರದಿರಲಿ. ಸಾಲಿ ಬಿಟ್ಟ ಮೇಲೆ ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ, ಗ್ರಂಥಪಾಲಕರ ಎದುರು, ಪುಸ್ತಕಗಳ ನಡುವೆ ಅದೇ ಆಟ ಮುಂದುವರಿಯಬಹುದು. ಹಿಂಡಿನ ಜೊತೆ ಹೋಗಿ ಬಂದ ಮಗು ಬಿಟ್ಟ ಮೆಟ್ಟಿಲನ್ನು ಅಲ್ಲಿ ಹಿಡಿಯಬಹುದು.

ಆದರೆ ಟ್ಯಾಬ್ ಕೊಡಿಸುವ ಮುನ್ನ ಒಂದು ಠರಾವು ಮಾಡಿ. ದಾನ ಬಂದ ಸಾಮಾನು ದಾಸ್ತಾನು ವಹಿಯಲ್ಲಿ ಏರಿ, ಒಡೆದರೆ ಯಾರು ಹೊಣೆ ಎಂಬ ಹೆದರಿಕೆಗೆ ಕಬ್ಬಿಣದ ಕಪಾಟಿನಲ್ಲಿ ಹೊದಿಕೆಯ ಸಮೇತ ಉಳಿಯುವುದು ನಮ್ಮ ಸಾಲಿಗಳಲ್ಲಿ ನಡೆಯುತ್ತಲೇ ಬಂದಿದೆ. ಮಕ್ಕಳು ಬಳಸುವಾಗ ಟ್ಯಾಬ್ ಕೆಳಗೆ ಬಿದ್ದು ಗಾಜು ಒಡೆದರೆ ಗುರುಗಳಿಂದಾಗಲಿ, ಮಗುವಿನ ಮನೆಯವರಿಂದಾಗಲಿ ಒಂದು ರೂಪಾಯಿಯನ್ನೂ ಕೇಳುವುದಿಲ್ಲ, ರಿಪೇರಿ ಸಮಿತಿಯದು ಎಂದು ಸಭೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಕಪಾಟಿನ ಕೀಲಿಯೊಂದನ್ನು ನಲಿ-ಕಲಿಯ ಅಕ್ಕೋರ ಕೈಗೇ ಕೊಡಿ.